ಅತ್ತೆಯೆದುರು ಇಟ್ಟಿಗೆ ಆಟ

"ಅಳಿಯಂದ್ರೇ, ಚೆಂಡು ಆ ಕಡೆ ಬೀಳ್ತಾ ಇದ್ರೆ ನೀವ್ಯಾಕೆ ಈ ಕಡೆ ಓಡ್ತೀರಿ?"

ಅತ್ತೆ ಕೇಳಿದ್ದು ನ್ಯಾಯವಾಗಿಯೇ ಇತ್ತು. ಟಿ.ವಿ.ಯ ಆಟದಲ್ಲಿ ಕೊನೆಯ ಚೆಂಡೂ ಅದನ್ನು ಪುಟಿಸುವ ಹಲಗೆಗೆ ಸಿಗದೆ ಕೆಳಗೆ ಬಿದ್ದು ಮಾಯವಾಯಿತು. ಬಣ್ಣಬಣ್ಣದ ಇಟ್ಟಿಗೆ ಗೋಡೆ ಮಾತ್ರ ಜಪ್ಪಯ್ಯ ಅನ್ನದೆ ನಿಂತಿತ್ತು. ಅಳಿಯನಾದ ಕ್ಷೌರಿಕ, ಹಲಗೆಯನ್ನು ಎಡಬಲ ಓಡಿಸಲು ತಿರುಗಿಸುವ ಕೈಯಲ್ಲಿದ್ದ ಗುಂಡಿಯನ್ನು ಅನುಮಾನದಿಂದ ನೋಡಿದ.

ಮನೆಯ ಕೆಳಗಿನ ತನ್ನ ಕಟಿಂಗ್ ಶಾಪಿನಲ್ಲಿ ತಲೆ ಕೊಟ್ಟು ಕೂತವರಿಗೆಲ್ಲ ಅವನು ಕೊಚ್ಚಿಕೊಳ್ಳುತ್ತಿದ್ದುದು ಇದೊಂದನ್ನೇ: ಎದುರಿನ ಗೇಮ್ ಅಂಗಡಿಗೆ ಇಟ್ಟಿಗೆ ಒಡೆಯುವ ಆಟದ ಎರಡನೇ ಭಾಗ ಬಂದಾಗಿನಿಂದ ಅದರಲ್ಲಿ ತಾನೇ ಫಸ್ಟು. ಮೊದಲ ಭಾಗದಂತಲ್ಲ ಇದು. ಕೆಲವು ಇಟ್ಟಿಗೆಗಳು ಒಡೆದರೂ ಮತ್ತೆ ಹುಟ್ಟುತ್ತವೆ, ಗೋಡೆ ಮುಗಿದರೆ ಎಡಕ್ಕೊಂದು ಬಲಕ್ಕೊಂದು ಬಾಗಿಲು ತೆರೆಯುತ್ತದೆ. ಅಳಿಯ ಬರೀ ಬಾಯಿಮಾತಿನವನೆಂದು ಅತ್ತೆಗೆ ಮದುವೆಯ ದಿನದಿಂದಲೂ ಗುಮಾನಿ. ಈಗ ಭಾಮೈದ ಮನೆಯಲ್ಲೇ ಆಡುವ ಮೆಷಿನ್ನನ್ನು ಗುಂಡಿ ಸಮೇತ ತಂದಿದ್ದ. ಸಂಜೆಯ ಬಸ್ಸಿಗೆ ಅತ್ತೆ ಹೊರಡುವುದರೊಳಗೆ ಮಾನ ಉಳಿಯಬೇಕಿತ್ತು.

"ಭಾವ, ತಿರುಗಿಸೋ ಗುಂಡಿ ಇಲ್ಲದೆ ಬರೀ ಬಟನ್ ಒತ್ತೋ ಮೆಷಿನ್‌ಗೂ ಈ ಆಟ ಬಂದಿದೆಯಂತೆ. ತರ್ಲಾ?"

"ಸುಮ್ನಿರಯ್ಯಾ, ಉರಿಯೋದಕ್ಕೆ ಎಣ್ಣೆ ಹೊಯ್ಯಬೇಡ."

ಅಷ್ಟರಲ್ಲಿ ಅತ್ತೆ ಗುಂಡಿ ಇಸಿದುಕೊಂಡು, ಗೋಡೆಯನ್ನು ಪುಡಿಪುಡಿ ಮಾಡಿ, ಬಲಬಾಗಿಲು ದಾಟಿ, "ಇಷ್ಟೇನಾ?" ಅಂದರು.

ಕ್ಷೌರಿಕ ಚಪ್ಪಲಿ ಮೆಟ್ಟದೆ ಎದುರಿನ ಅಂಗಡಿಗೆ ಓಡಿದ.

"ಭಾಮೈದ ತಂದ ಮೆಷಿನ್ ಮೋಸ ಕಣೋ! ಬಲಕ್ಕೆ ತಿರುಗಿಸಿದ್ರೆ ಬಲಕ್ಕೇ ಹೋಗುತ್ತೆ!"

"ಇನ್ನೆಲ್ಲಿಗೆ ಹೋಗ್ಬೇಕು ದೊರೆ?"

"ಎಡಕ್ಕೆ! ನಿನ್ನದರಲ್ಲಿ ಹೋಗಲ್ವಾ?"

ಅಂಗಡಿಯವನು ತಲೆ ಕೆರೆದುಕೊಂಡ. "ಅದಾ... ಗುಂಡಿ ಕೆಟ್ಟಾಗ ನಾನೇ ಬಿಚ್ಚಿ ಜೋಡಿಸಿದ್ದೆ. ವೈರು ಅದಲುಬದಲಾಗಿರ್ಬೇಕು. ಉಳಿದೋರೆಲ್ಲ ಬೈದು ಬಿಟ್ಟುಹೋದ್ರು. ಆಟಕ್ಕೆ ಹೊಸಬ ನೀನೊಬ್ಬ ಏನೂ ಅನ್ಲಿಲ್ಲ, ಅದಕ್ಕೆ ನಾನೂ ಅನ್ಲಿಲ್ಲ."

"ಹಾಗಾದ್ರೆ ನಾನು ಫಸ್ಟ್ ಬಂದಿದ್ದು?"

"ಸೆಕೆಂಡ್ ಬರೋಕೆ ಯಾರಾದ್ರೂ ಇರ್ಬೇಕಲ್ಲಪ್ಪಾ!"

ಮುಖ ಹುಳ್ಳಗೆ ಮಾಡಿಕೊಂಡು ಅವನು ತನ್ನ ಶಾಪಿಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕುಸಿದ. ಎದುರಿನ ಕನ್ನಡಿಯಲ್ಲಿ ಬೀದಿಯಾಚೆಯ ಬೋರ್ಡಿನ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಾಣುತ್ತಿದ್ದವು. ಒಂದು ಗಳಿಗೆ ನೋಡಿದವನೇ ದಡಕ್ಕನೆ ಎದ್ದು ಕೂಗಿದ:

"ಲೋ, ಟಿ.ವಿ., ಮೆಷಿನ್ನು ಎರಡೂ ಕೆಳಗೆ ತಗೊಂಡು ಬಾರೋ!"

ಭಾಮೈದ ಏದುಸಿರು ಬಿಡುತ್ತ ಟಿ.ವಿ.ಯನ್ನು ಕುರ್ಚಿಯ ಹಿಂದೆ, ಕನ್ನಡಿಗೆ ಮುಖ ಮಾಡಿ ಇಟ್ಟ. ಅತ್ತೆಯೂ ಹಿಂದೆಯೇ ಇಳಿದು ಬಂದರು. ಕ್ಷೌರಿಕ ಅದಕ್ಕೆ ಬೆನ್ನು ಹಾಕಿ ಕೂತು, ಕನ್ನಡಿಯನ್ನೇ ದಿಟ್ಟಿಸುತ್ತ ಗುಂಡಿ ತಿರುಗಿಸಿದ. ಬಲಕ್ಕೆ ತಿರುಗಿಸಿದರೆ ಕನ್ನಡಿಯೊಳಗೆ ಎಡಕ್ಕೆ ಓಡುತ್ತ, ಹಲಗೆ ಹೇಳಿದ ಮಾತು ಕೇಳತೊಡಗಿತು. ಗೋಡೆ ಮೇಲೆ ಗೋಡೆ ಉರುಳಿತು. ಮತ್ತೆ ಹುಟ್ಟಿದ ಇಟ್ಟಿಗೆಗಳೂ ಉಸಿರು ಬಿಡುವ ಮೊದಲೇ ಸತ್ತವು.

"ಅಂಕಿಯೆಲ್ಲ ಉಲ್ಟಾ ಕಾಣುತ್ತೆ. ನನ್ನದನ್ನ ದಾಟಿದ್ರಾ?" ಅತ್ತೆ ಕೇಳಿದರು.

ಭಾಮೈದ ಟಿ.ವಿ.ಯತ್ತ ಬಗ್ಗಿ ನೋಡಿದ. "ಆಗ್ಲೇ ದಾಟಿಯಾಯ್ತಮ್ಮಾ."

ಅತ್ತೆ ಅಳಿಯನನ್ನು ಒಮ್ಮೆ, ಕನ್ನಡಿಯೊಳಗಿನ ಅಳಿಯನನ್ನು ಒಮ್ಮೆ ನೋಡಿದರು. "ಬರೀ ಬಾಯಿ ಅಂದ್ಕೊಂಡಿದ್ದೆ. ಪರವಾಗಿಲ್ಲ, ಕೈಯೂ ಇದೆ. ಸ್ವಲ್ಪ ವಕ್ರ, ಅಷ್ಟೆ."

"ಬಸ್ಸಿಗೆ ಹೊತ್ತಾಯ್ತು ಅತ್ತೆ."

"ಬಸ್ಸು ನಾಳೆಯೂ ಇದೆ. ಏಳಿ ಮೇಲೆ."

ಅವನು ಎದ್ದ. ಅತ್ತೆ ಗುಂಡಿ ಕೈಗೆ ತೆಗೆದುಕೊಂಡು ಕುರ್ಚಿಯೇರಿ, ಕಾಲಿನಿಂದ ನೆಲ ಒದ್ದು, ಗಿರ್ರನೆ ಟಿ.ವಿ.ಯ ಕಡೆ ತಿರುಗಿದರು.