ಸೀಮೆಸುಣ್ಣದ ಲಾರಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಬಟ್ಟೆ ಹೊಲಿಯುವವನಿಗೆ ತಾಳ್ಮೆ ಬೇಕು ಅನ್ನುತ್ತಾರೆ. ಇದೆ, ಆದರೆ ಅದೆಲ್ಲ ಬಟ್ಟೆಗೇ ಖರ್ಚಾಗಿ ಮನುಷ್ಯರ ಪಾಲಿಗೆ ಏನೂ ಉಳಿಯುವುದಿಲ್ಲ. ಅದರಲ್ಲೂ "ನಿಮ್ಮ ಹೆಂಡತಿ ಲಾರಿ ಓಡಿಸ್ತಾರಂತೆ, ಹೌದಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಗಿರಾಕಿಗಳಿದ್ದಾರಲ್ಲ, ಅವರ ಪ್ಯಾಂಟನ್ನು ಸೊಂಟದಲ್ಲಿ ಒಂದಿಷ್ಟು ಬಿಗಿಯಾಗಿಯೇ ಹೊಲಿದು ಕೊಟ್ಟದ್ದುಂಟು. ಅಳೆಯುವುದು ನನ್ನ ಕೆಲಸ, ಅವರದ್ದಲ್ಲ.

ಹೌದು, ಓಡಿಸುತ್ತಾಳೆ. ದೂರದ ದಾರಿಯ ದೊಡ್ಡ ಲಾರಿ. ಹೋದರೆ ನಾಲ್ಕೈದು ದಿನ ಇಲ್ಲ, ಬಂದರೆ ಒಂದೆರಡು ದಿನ ಇರುತ್ತಾಳೆ. ಮುಂದಿನ ಕೋಣೆ ನನ್ನ ಅಂಗಡಿ, ಹಿಂದಿನವು ಮನೆ. ಅವಳಿಲ್ಲದ ದಿನಗಳಲ್ಲಿ ನಾನೂ ಅಮ್ಮನೂ ಇಬ್ಬರೇ. ನಮ್ಮಿಬ್ಬರ ಬಾಯಿಯೂ ಸುಮ್ಮನಿರುವಂಥದ್ದಲ್ಲವಾದ್ದರಿಂದ ಮನೆ ಖಾಲಿ ಅನ್ನಿಸುವುದಿಲ್ಲ ಎಂದು ಬೀದಿಯವರು ತಿಳಿದುಕೊಂಡಿದ್ದಾರೆ.

ಆ ಸಲ ಅವಳು ಕಂಪನಿಯ ಆರೋಗ್ಯ ತಪಾಸಣೆ ಮುಗಿಸಿಕೊಂಡು ಬಂದು, ಬೂಟು ಬಿಚ್ಚುತ್ತಾ ವಿಷಯ ಹೇಳಿದಳು. ತೂಕ ಇಳಿದಿದೆಯಂತೆ, ರಕ್ತ ಕಡಿಮೆಯಾಗಿದೆಯಂತೆ. ಎರಡು ತಿಂಗಳು ಬಿಟ್ಟು ಡಾಕ್ಟರಮ್ಮ ಮತ್ತೆ ನೋಡುತ್ತಾರೆ. ಆಗಲೂ ಹೀಗೇ ಇದ್ದರೆ ದೂರದ ದಾರಿ ಬಂದ್, ಗೋದಾಮಿನಲ್ಲಿ ಕೂತು ಬಂದ ಪೆಟ್ಟಿಗೆಗಳನ್ನು ಎಣಿಸುವ ಕೆಲಸ. ಟೈರು ಪಂಕ್ಚರ್ ಆದ ಸುದ್ದಿ ಹೇಳುವ ಹಾಗೆ ಹೇಳಿದಳು. ಅವಳ ದನಿ ಅಷ್ಟು ಸಪಾಟಾಯಿತೆಂದರೆ ಒಳಗೆ ಏನೋ ಮುರಿದಿದೆ ಎಂದೇ ಲೆಕ್ಕ.

ಹಿಂದೊಮ್ಮೆ ಕೈ ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದಳು. ನನ್ನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು, ಬೇಜಾರಾಗಿ ಗಾತ್ರದ ಪ್ರಕಾರ ಜೋಡಿಸಿದಳು. ಕೊನೆಗೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಬೀದಿಯಲ್ಲಿ ಹೋಗುವ ಗಾಡಿಗಳು ಗೇರು ಬದಲಿಸುವ ಸದ್ದಿಗೆ ಸರಿಯಾಗಿ ಎಡಗಾಲನ್ನು ನೆಲಕ್ಕೆ ಒತ್ತುತ್ತಾ ಕೂತಿರುತ್ತಿದ್ದಳು. ಅದನ್ನು ಕಣ್ಣಾರೆ ಕಂಡವನು ನಾನು. ಅವಳನ್ನು ಗೋದಾಮಿಗೆ ಹಾಕುವುದೂ ಒಂದೇ, ಹಕ್ಕಿಯ ರೆಕ್ಕೆ ಕತ್ತರಿಸಿ ಕಾಳು ಹಾಕುವುದೂ ಒಂದೇ.

ರೋಗ ಏನೂ ಇರಲಿಲ್ಲ. ರಾತ್ರಿಯೂಟ ಇರಲಿಲ್ಲ, ಅಷ್ಟೇ. ಹೆದ್ದಾರಿಯ ಹೋಟೆಲುಗಳಲ್ಲಿ ಸಿಗುವುದು ಒಂದೋ ಕರಿದ ಎಣ್ಣೆಯಲ್ಲೇ ಮತ್ತೆ ಕರಿದದ್ದು, ಇಲ್ಲವೋ ಉಪ್ಪು ಹುಳಿ ಖಾರ ಯಾವುದೂ ಸೋಕದ ಸಪ್ಪೆ. ಖಾರವಿಲ್ಲದೆ ಅವಳಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ದಿನವಿಡೀ ಸ್ಟೇರಿಂಗ್ ಹಿಡಿದವಳು ಚಹಾದಲ್ಲಿ ನಾಲ್ಕು ಬಿಸ್ಕತ್ತು ಅದ್ದಿ ತಿಂದು ಮಲಗುತ್ತಿದ್ದಳು.

"ಊಟದ ವಿಷಯ ನನಗೆ ಬಿಡು," ಅಂದೆ.

ಅಮ್ಮ ನಕ್ಕಳು. ನಗದೆ ಏನು ಮಾಡಿಯಾಳು? ಅಲ್ಲಿಯವರೆಗೆ ಒಲೆಯ ಮೇಲೆ ನಾನು ಇಟ್ಟದ್ದೆಂದರೆ ಇಸ್ತ್ರಿಯ ಕೆಂಡಕ್ಕೆ ಇದ್ದಿಲು ಮಾತ್ರ. ಆದರೆ ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಮುಂದಿನ ಪ್ರಯಾಣಕ್ಕೆ ಅಮ್ಮನ ಕೈಕಾಲು ಹಿಡಿದು, ಪಲ್ಯಕ್ಕೊಂದು, ಬೇಳೆಗೊಂದು, ಮೊಟ್ಟೆಗೊಂದು ಅಂತ ಡಬ್ಬಿಗಳ ಮೆರವಣಿಗೆಯನ್ನೇ ಕಟ್ಟಿ ಕಳಿಸಿದೆ. ವಾಪಸು ಬಂದಾಗ ಅರ್ಧ ಡಬ್ಬಿಗಳಿಗೆ ಬೂಸ್ಟು ಹಿಡಿದಿತ್ತು, ಉಳಿದರ್ಧದ ಮುಚ್ಚಳವನ್ನೇ ತೆಗೆದಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಕೂಗಾಡಿದೆ. ಅಷ್ಟು ಕಷ್ಟಪಟ್ಟವನ ಮುಖಕ್ಕೆ ಹೊಡೆದ ಹಾಗಲ್ಲವೇ ಇದು ಎಂದೆ. ಅವಳು ನನ್ನ ಕೂಗು ಮುಗಿಯುವ ತನಕ ಕಾದಳು.

"ರೀ, ಗಾಡಿ ನಿಲ್ಸೋ ಹೊತ್ತಿಗೆ ಕೈ ಮರಗಟ್ಟಿರುತ್ತೆ. ಒಂದೊಂದೇ ಮುಚ್ಚಳ ತೆಗ್ದು, ತಣ್ಣಗಾಗಿದ್ದನ್ನ ಒಬ್ಳೇ ಕೂತು ತಿನ್ನೋಕೆ ಮನಸ್ಸು ಬರಲ್ಲ," ಅಂದಳು.

ಅವಳು ಸ್ನಾನಕ್ಕೆ ಹೋದ ಮೇಲೆ ಅಮ್ಮ ಡಬ್ಬಿ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಒಂದು ಮಾತು ಕೇಳಿದಳು.

"ಅಳತೆ ತಗೊಳ್ದೆ ಬಟ್ಟೆ ಕತ್ತರಿಸ್ತೀಯೇನೋ ನೀನು?"

ಮರುದಿನ ಬೆಳಿಗ್ಗೆ ಟೇಪನ್ನು ಕೊರಳಿಗೆ ಹಾಕಿಕೊಂಡು ಲಾರಿ ನಿಲ್ಲಿಸುವ ಅಂಗಳಕ್ಕೆ ಹೋದೆ. ಅವಳ ಸೀಟಿನಿಂದ ಬಾಗಿಲಿಗೆ, ಸೀಟಿನಿಂದ ಗಾಜಿಗೆ, ಪಕ್ಕದ ಸೀಟಿಗೆ, ಹಿಂದಿನ ಮಲಗುವ ಹಲಗೆಗೆ, ಕೂತಲ್ಲಿಂದ ಕೈ ಎಷ್ಟು ದೂರ ಹೋಗುತ್ತದೆ ಎಂಬುದರವರೆಗೆ ಎಲ್ಲ ಅಳೆದೆ. ಲಾರಿಗೆ ಅಂಗಿ ಹೊಲೀತೀರಾ ಎಂದು ಕಾವಲಿನವನು ಕೇಳಿದ. ಹೌದು, ನಿಮ್ಮ ಬಾಯಿಗೂ ಒಂದು ಗುಂಡಿ ಹಚ್ಚಿಕೊಡಲೇ ಎಂದೆ. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಅಡುಗೆ ಬೇಯಿಸುವ ಒಂದು ಪುಟ್ಟ ವಿದ್ಯುತ್ ಪಾತ್ರೆ ಸಿಕ್ಕಿತು. ಲಾರಿಯ ಬ್ಯಾಟರಿಯಿಂದಲೇ ನಡೆಯುವಂಥದ್ದು, ಕಂಪನಿ ಎಲ್ಲ ಚಾಲಕರಿಗೂ ಕೊಟ್ಟಿತ್ತಂತೆ. ಅದರ ಪ್ಲಾಸ್ಟಿಕ್ ಚೀಲವನ್ನೇ ಇವಳು ಬಿಚ್ಚಿರಲಿಲ್ಲ.

ಅವಳು ಹೊರಟುಹೋದ ಮೇಲೆ, ಅಂಥದ್ದೇ ಒಂದನ್ನು ಮನೆಯ ಕರೆಂಟಿಗೆ ನಡೆಯುವ ಹಾಗೆ ತಂದುಕೊಂಡೆ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ನಮ್ಮ ಕಸುಬಿನ ಚಪ್ಪಟೆ ಸೀಮೆಸುಣ್ಣದಿಂದ ಅಂಗಡಿಯ ನೆಲದ ಮೇಲೆ ಲಾರಿಯ ಮುಂಭಾಗವನ್ನು ಅಳತೆಗೆ ಸರಿಯಾಗಿ ಬರೆದೆ. ಇಲ್ಲಿ ಸ್ಟೇರಿಂಗ್, ಇಲ್ಲಿ ಅವಳ ಸೀಟು, ಇಲ್ಲಿ ಪಕ್ಕದ ಸೀಟು. ಅವಳ ಸೀಟಿನ ಜಾಗದಲ್ಲಿ ಒಂದು ಸ್ಟೂಲು ಹಾಕಿದೆ. ಕೆಲಸವೆಲ್ಲ ಮುಗಿಸಿ, ಹಸಿದುಕೊಂಡೇ ಒಳಗೆ ಹೋಗಬೇಕು, ಗೆರೆ ದಾಟಬಾರದು, ಎದ್ದು ನಿಲ್ಲಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅವಳಿಗೆ ಆಗದ್ದನ್ನು ನಾನೂ ಮಾಡಕೂಡದು.

ಮೊದಲ ಸಂಜೆಯೇ ಪಜೀತಿ. ತೊಡೆಯ ಮೇಲೆ ಹಲಗೆ ಇಟ್ಟು ಈರುಳ್ಳಿ ಹೆಚ್ಚಿದೆ, ಅರ್ಧ ನೆಲಕ್ಕೆ ಹೋಯಿತು. ಮೆಣಸಿನಕಾಯಿ ಮುರಿದ ಕೈಯಲ್ಲೇ ಕಣ್ಣುಜ್ಜಿಕೊಂಡೆ. ಆ ಪಾತ್ರೆಯೋ, ನೀರು ಕುದಿಸುತ್ತದೆಯೇ ಹೊರತು ಏನನ್ನೂ ಹುರಿಯುವುದಿಲ್ಲ. ಈರುಳ್ಳಿ ಹಸಿಹಸಿಯಾಗೇ ಬೆಂದು, ಬಾಯಿಗಿಟ್ಟರೆ ಒದ್ದೆ ಬಟ್ಟೆ ಅಗಿದ ಹಾಗಾಯಿತು. ಪಾತ್ರೆ ಸರಿಯಿಲ್ಲ ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ಬಾಗಿಲಿನಿಂದ ಗಾದೆ ಎಸೆದಳು. ನಾನು ಕಣ್ಣೀರು ಸುರಿಸುತ್ತಾ ಸ್ಟೂಲಿನಿಂದ ಬಿದ್ದಾಗ, ಆಕ್ಸಿಡೆಂಟ್ ಆಯಿತಾ, ಜನರನ್ನು ಕರೆಯಲಾ ಎಂದು ವಿಚಾರಿಸಿದಳು.

ಹಟ ಬಿಡಲಿಲ್ಲ. ಹುರಿಯುವುದು ಅಲ್ಲಿ ಆಗದಿದ್ದರೆ ಇಲ್ಲೇ ಹುರಿದು ಕಳಿಸಬೇಕು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ ಹುರಿದು ಪುಡಿ ಮಾಡಿದೆ. ಬೆಳ್ಳುಳ್ಳಿ, ಈರುಳ್ಳಿಯನ್ನು ಧಾರಾಳ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಪುಡಿ ಹಾಕಿ, ಹುಣಸೆ ಹುಳಿ ಹಿಂಡಿ, ಉಪ್ಪು ಬೆರೆಸಿ, ನೀರಿನ ಪಸೆ ಆರಿ ಅಂಚಿನಲ್ಲಿ ಎಣ್ಣೆ ಬಿಡುವ ತನಕ ತೊಳಸಿದೆ. ಘಾಟಿಗೆ ಎದುರು ಮನೆಯವರೂ ಕೆಮ್ಮಿದರು. ಆರಿದ ಮೇಲೆ ಒಣಗಿದ ಜಾಡಿಗೆ ತುಂಬಿಟ್ಟೆ. ಒಂದು ಹಿಡಿ ಅಕ್ಕಿ, ನೆನೆದ ಒಂದು ಹಿಡಿ ಮಸೂರು ಬೇಳೆ, ಕೈಯಲ್ಲೇ ಹಿಚುಕಿದ ಟೊಮೆಟೊ, ಜಾಡಿಯಿಂದ ಒಂದು ಚಮಚ, ನೀರು. ಮುಚ್ಚಳ ಹಾಕಿದರೆ ಆಯಿತು. ಚಾಕು ಬೇಡ, ಹಲಗೆ ಬೇಡ. ಬೇಕಾದರೆ ಕೊನೆಗೆ ಒಂದು ಮೊಟ್ಟೆ ಒಡೆದು ಹಾಕಬಹುದು. ಒಂದೇ ಪಾತ್ರೆ, ಅದರಲ್ಲೇ ಊಟ.

ರುಚಿಯೇನೋ ಬಂತು. ಆದರೂ ಒಂದು ಕೊಕ್ಕೆ ಉಳಿದಿತ್ತು. ಕೆಲಸ ಮುಗಿಸಿ ಹಸಿದುಕೊಂಡು ಗೆರೆಯೊಳಗೆ ಕೂತವನು, ಪಾತ್ರೆ ಬೇಯುವುದರೊಳಗೆ ಕೈಗೆ ಸಿಕ್ಕ ಬಿಸ್ಕತ್ತನ್ನೆಲ್ಲ ಮುಗಿಸಿಬಿಡುತ್ತಿದ್ದೆ. ನಾನೇ ಹೀಗಾದರೆ ಅವಳ ಕಥೆ ಏನು? ಅಡುಗೆಯ ತಪ್ಪಲ್ಲ, ಹೊತ್ತಿನ ತಪ್ಪು ಎಂದು ಆಗ ಹೊಳೆಯಿತು. ಹಸಿವಾದ ಮೇಲೆ ಅಡುಗೆ ಶುರು ಮಾಡಬಾರದು, ಹಸಿವಿಗೆ ಮೊದಲೇ ಹಚ್ಚಿಬಿಡಬೇಕು. ಮರುದಿನ ದಿನದ ಕೊನೆಯ ಅಂಗಿಗೆ ಕಾಲರು ಕೂರಿಸುವ ಮೊದಲು ಪಾತ್ರೆ ಹಚ್ಚಿದೆ. ಗುಂಡಿ ಹಾಕಿ ದಾರ ಕತ್ತರಿಸುವಷ್ಟರಲ್ಲಿ ಊಟ ಸಿದ್ಧವಾಗಿ ಕೂತಿತ್ತು. ಅವಳೂ ಸಂಜೆ ಚಹಾಕ್ಕೆ ನಿಲ್ಲಿಸಿದಾಗ ಹಚ್ಚಿಬಿಟ್ಟರೆ, ಉಳಿದ ದಾರಿ ಓಡಿಸುತ್ತಿರುವಾಗ ಅದರ ಪಾಡಿಗೆ ಅದು ಬೇಯುತ್ತದೆ.

ಓಡುವ ಲಾರಿಯಲ್ಲಿ ಪಾತ್ರೆ ಕುಲುಕಬಾರದಲ್ಲ. ದಪ್ಪ ಕ್ಯಾನ್ವಾಸಿಗೆ ಹತ್ತಿಯ ಪದರ ಇಟ್ಟು, ಪಾತ್ರೆಗೆ ಒಂದು ಅಂಗಿ ಹೊಲಿದೆ. ಮುಚ್ಚಳ ಒತ್ತಿ ಹಿಡಿಯಲು ಮೇಲೊಂದು ಪಟ್ಟಿ, ಹಬೆ ಹೋಗಲು ಕಿಂಡಿ, ಪಕ್ಕದ ಸೀಟಿನ ಬೆಲ್ಟು ತೂರಿಸಲು ಎರಡು ಕೊಂಡಿ. ಕಾವಲಿನವನ ಬಾಯಲ್ಲಿ ಬಂದದ್ದೇ ನಿಜವಾಯಿತು ನೋಡಿ.

ಅಂಗಿ ತೊಟ್ಟ ಪಾತ್ರೆ, ಜಾಡಿ, ಬೇಳೆ ನೆನೆಸುವ ಬಾಟಲಿ ಹಿಡಿದುಕೊಂಡು ಅವಳು ಹೊರಟಳು. ಬೆಳಿಗ್ಗೆ ಬೇಳೆಗೆ ನೀರು ಹಾಕು, ಸಂಜೆ ಚಹಾಕ್ಕೆ ನಿಂತಾಗ ಹಚ್ಚು ಎಂದು ನಾನು ಹೇಳಿದ್ದನ್ನೇ ಹತ್ತು ಸಲ ಹೇಳಿ ಬೈಸಿಕೊಂಡೆ. ಸಂಜೆ ಫೋನು ಬಂತು. ಹಚ್ಚಿದ್ದೀನಿ ಎಂದಷ್ಟೇ ಹೇಳಿ ಇಟ್ಟಳು. ನಾನೂ ನನ್ನ ಪಾತ್ರೆ ಹಚ್ಚಿದೆ. ಕೊನೆಯ ಅಂಗಿಯ ತೋಳನ್ನು ಎರಡು ಸಲ ತಿರುಗುಮುರುಗು ಹೊಲಿದು ಬಿಚ್ಚಿದೆ. ಆಮೇಲೆ ಮತ್ತೆ ಫೋನು ಬಂತು. ಎತ್ತಿದರೆ ಮೂಗು ಎಳೆಯುವ ಸದ್ದು ಮಾತ್ರ.

"ಏನಾಯ್ತೇ? ಯಾಕೆ ಅಳ್ತಿದೀಯ?"

"ಮಾತಾಡಿಸ್ಬೇಡಿ ರೀ. ತಿಂತಿದೀನಿ."

ಎಲ್ಲ ಸಂಜೆಗಳೂ ಹಾಗೆ ಹೋಗಲಿಲ್ಲ. ಒಮ್ಮೆ ಬೇಳೆ ನೆನೆಸಲು ಮರೆತಳು. ಒಮ್ಮೆ ತಿರುವಿನಲ್ಲಿ ಪಟ್ಟಿಯ ಹೊಲಿಗೆ ಕಿತ್ತುಹೋಗಿ, ಊಟವೆಲ್ಲ ಪಕ್ಕದ ಸೀಟಿಗೆ ಬಡಿಸಿ, ಅವಳಿಗೆ ಅವತ್ತು ಮತ್ತೆ ಬಿಸ್ಕತ್ತೇ ಗತಿಯಾಯಿತು. ನನ್ನ ಹೊಲಿಗೆ ಕಿತ್ತುಹೋಯಿತೆಂಬ ಅವಮಾನಕ್ಕೆ ಜೋಡಿ ದಾರದಲ್ಲಿ ಮೂರು ಸುತ್ತು ಹೊಡೆದೆ. ಜಾಡಿಯಲ್ಲೂ ಒಂದೊಂದು ಪ್ರಯಾಣಕ್ಕೆ ಒಂದೊಂದು ಬಗೆ: ಒಮ್ಮೆ ಶುಂಠಿ ಜೋರು, ಒಮ್ಮೆ ಹುರಿದ ಕಡಲೆಬೀಜದ ಪುಡಿ, ಒಮ್ಮೆ ಕಾಳುಮೆಣಸು. ಪ್ರತಿ ಸಲ ಬಂದಾಗಲೂ ಅವಳ ಕೆನ್ನೆ ನೋಡುತ್ತಿದ್ದೆ. ತುಂಬಿದೆ ಎಂದು ನಾನು, ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ ಎಂದು ಅಮ್ಮ. ಕೊನೆಗೆ ಅವಳ ಪ್ಯಾಂಟಿನ ಸೊಂಟವನ್ನು ನಾನೇ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಬೇಕಾಗಿ ಬಂದ ದಿನ ಅಮ್ಮ ಬಾಯಿ ಮುಚ್ಚಿದಳು.

ಮುಚ್ಚಿದ್ದು ಒಂದೇ ದಿನ. ಡಾಕ್ಟರಮ್ಮನ ತಪಾಸಣೆಯ ಬೆಳಿಗ್ಗೆ, ಇವಳು ಆ ಕಡೆ ಹೋದ ಮೇಲೆ, ನಾನು ಗೆರೆ ಅಳಿಸಿಹೋದಲ್ಲೆಲ್ಲ ಸೀಮೆಸುಣ್ಣ ತಿದ್ದುತ್ತಿದ್ದಾಗ ಅಮ್ಮ ಕೇಳಿದಳು.

"ಲೋಕದಲ್ಲಿ ಗಂಡಂದಿರು ಹೆಂಡ್ತೀನ ಮನೇಲಿ ಇಟ್ಕೊಳ್ಳೋಕೆ ಒದ್ದಾಡ್ತಾರೆ. ನೀನೊಬ್ಬ ಕಳ್ಸೋಕೆ ಒದ್ದಾಡ್ತೀಯ. ಪಾಸಾದ್ರೆ ನಾಳೆನೇ ಹೊರಟು ಹೋಗ್ತಾಳೆ, ಗೊತ್ತು ತಾನೇ?"

ಗೊತ್ತಿತ್ತು. ಗೊತ್ತಿದ್ದುದಕ್ಕೇ ಕೋಪ ಬಂತು. ಗೋದಾಮಿನ ಕೆಲಸವಾದರೆ ದಿನಾ ಸಂಜೆ ಮನೆಗೆ ಬರುತ್ತಾಳೆ, ಎದುರಿಗೆ ಕೂತು ಉಣ್ಣುತ್ತಾಳೆ. ಆ ಆಸೆ ನನಗೆ ಬಂದೇ ಇರಲಿಲ್ಲ ಎಂದರೆ ಸುಳ್ಳು. ಬಂದಾಗಲೆಲ್ಲ ಕಿಟಕಿಯ ಬಳಿ ನೆಲ ಒತ್ತುತ್ತಿದ್ದ ಅವಳ ಎಡಗಾಲು ಕಣ್ಣಿಗೆ ಕಟ್ಟುತ್ತಿತ್ತು. ನಿನ್ನ ಕೆಲಸ ನೋಡಿಕೋ ಎಂದು ಅಮ್ಮನ ಮೇಲೆ ರೇಗಿ, ಜೀರಿಗೆ ಹುರಿಯಲು ಹೋದೆ.

ಅವತ್ತು ಅವಳು ಫೋನು ಮಾಡಲಿಲ್ಲ. ಮಧ್ಯಾಹ್ನ ಕಳೆಯಿತು. ಒಬ್ಬ ಗಿರಾಕಿಯ ಅಂಗಿಗೆ ಎಡಗಡೆಯ ಜೇಬನ್ನು ಬಲಗಡೆಗೆ ಹೊಲಿದೆ. ಸಂಜೆಗೆ ಎಂದಿನಂತೆ ನನ್ನ ಪಾತ್ರೆ ಹಚ್ಚಿ, ಅದಕ್ಕೂ ಹೊಲಿದುಕೊಂಡಿದ್ದ ಅಂಗಿ ತೊಡಿಸಿ, ಗೆರೆಯೊಳಗಿನ ಪಕ್ಕದ ಸೀಟಿನ ಜಾಗದಲ್ಲಿ ಇಟ್ಟು, ನನ್ನ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚತೊಡಗಿದೆ. ಆಗ ಬಾಗಿಲಲ್ಲಿ ಬೂಟಿನ ಸದ್ದಾಯಿತು.

ಅವಳ ಮುಖದಿಂದ ಏನೂ ತಿಳಿಯಲಿಲ್ಲ. ಬಂದವಳು ಗೆರೆಯನ್ನು ನೋಡಿದಳು. ಅದನ್ನು ದಾಟಿ ಬರಲಿಲ್ಲ. ಸುತ್ತಿಕೊಂಡು ಆ ಬದಿಗೆ ಹೋಗಿ, ನಾನು ಬಾಗಿಲೆಂದು ಗುರುತು ಹಾಕಿದ್ದ ಕಡೆ ನಿಂತು, ಇಲ್ಲದ ಹಿಡಿಯನ್ನು ಎಳೆದು, ಮೆಟ್ಟಿಲು ಹತ್ತುವ ಹಾಗೆ ಕಾಲೆತ್ತಿ ಒಳಗಿಟ್ಟಳು. ಪಾತ್ರೆಯನ್ನು ಎತ್ತಿ ಆ ಜಾಗದಲ್ಲಿ ನೆಲದ ಮೇಲೆ ಕೂತು, ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಬೆಳಿಗ್ಗೆ ಬೇಗ ಹೊರಡ್ಬೇಕು ರೀ. ದೂರದ ದಾರಿ. ಜಾಡಿ ತುಂಬಿದ್ದೀರಾ?"

ತುಂಬಿಟ್ಟಿದ್ದೆ. ಎರಡು ಜಾಡಿ. ಗೆದ್ದೆ ಎಂದು ಕುಣಿಯಬೇಕೆನಿಸಿತು, ಜೊತೆಗೇ ಬೆಳಗಾಗದಿದ್ದರೆ ಸಾಕು ಎಂದೂ ಅನಿಸಿತು. ತಲೆಯಾಡಿಸಿದೆ. ಅಮ್ಮ ಮೂರು ತಟ್ಟೆ ತಂದು, ಲಾರಿಯಲ್ಲಿ ಮುದುಕಿಗೂ ಜಾಗ ಇದೆಯೋ ಎನ್ನುತ್ತಾ ಹಿಂದಿನ ಮಲಗುವ ಹಲಗೆಯ ಗೆರೆಯೊಳಗೆ ಕೂತಳು. ಹೆಂಡತಿ ಪಟ್ಟಿ ಬಿಚ್ಚಿ, ಮುಚ್ಚಳ ತೆಗೆದು, ಮೂವರಿಗೂ ಬಡಿಸಿದಳು. ಹಬೆ ಆಡುತ್ತಿತ್ತು. ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನನ್ನ ಕಡೆ ನೋಡಿದಳು.

"ಇವತ್ತು ಖಾರ ಸ್ವಲ್ಪ ಕಮ್ಮಿ ಆಯ್ತು," ಅಂದಳು.

ನಾನು ತಟ್ಟೆಯ ಮೇಲೆ ಬಗ್ಗಿ ಗಬಗಬನೆ ಉಣ್ಣತೊಡಗಿದೆ. ಕಣ್ಣಲ್ಲಿ ನೀರು ನಿಲ್ಲಲೊಲ್ಲದು. ಖಾರದ ತಲೆಗೆ ಕಟ್ಟಿಬಿಡೋಣವೆಂದರೆ, ಅದೇ ಕಮ್ಮಿ ಅಂತ ಅವಳು ಆಗಲೇ ಹೇಳಿಬಿಟ್ಟಿದ್ದಳು.