ಲಾಂಬ್ರೋಸನ ಪಾಲಿನ ಗೋಧಿ

"ಅಮ್ಮಾ, ತಟ್ಟೆ ಇಲ್ಲಿಡೋ ಹಾಗಿಲ್ಲ," ಎಂದ ಸಮವಸ್ತ್ರದ ಸೈನಿಕ, ಮೆತ್ತಗೆ. ಅಜ್ಞಾತ ಸೈನಿಕನ ಗೋರಿಯ ಎರಡೂ ಬದಿಗೆ ಅಲುಗಾಡದೆ ನಿಂತ ಕಾವಲಿನವರ ಮುಖದ ಬೆವರು ಒರೆಸುವುದು, ಹತ್ತಿರ ಬಂದ ಪ್ರವಾಸಿಗರನ್ನು ಹಿಂದೆ ಸರಿಸುವುದು ಅವನ ಕೆಲಸ. "ಹೂವಾದ್ರೆ ಇಡಿ. ತಿನ್ನೋದು ಬೇಡ. ಪಾರಿವಾಳ ಮುತ್ಕೊಳ್ತವೆ."

"ಇಡೋಕೆ ಬಂದಿಲ್ಲ ಮಗಾ. ತೋರ್ಸಿ ಹೋಗೋಣ ಅಂತ ಬಂದೆ," ಎಂದಳು ಸ್ತಮಾತಾ.

ಯಾರಿಗೆ ಎಂದು ಅವನು ಕೇಳಲಿಲ್ಲ. ಅಥೆನ್ಸಿನಲ್ಲಿ ಈ ಗೋರಿಯ ಮುಂದೆ ನಿಂತು ಮಾತಾಡುವ ಮುದುಕಿಯರು ಅವನಿಗೆ ಹೊಸಬರಲ್ಲ. ಸುತ್ತ ನೆರೆದವರಿಗೆ ಮಾತ್ರ ಇದೊಂದು ನೋಡುವ ಜಾಗ. ಬೆಳಿಗ್ಗೆ ಗುಡ್ಡದ ಮೇಲಿನ ಹಳೇ ಗುಡಿ, ಆಮೇಲೆ ಕಾವಲು ಬದಲಾಗುವ ಮೆರವಣಿಗೆ, ಊಟದೊಳಗೆ ಮ್ಯೂಸಿಯಂ. ಅವರ ಪಾಲಿಗೆ ಊರೆಂದರೆ ಸಂಜೆಯೊಳಗೆ ಮುಗಿಸಬೇಕಾದ ಕೆಲಸ. ನೆರಿಗೆ ಲಂಗ ತೊಟ್ಟ ಕಾವಲಿನ ಹುಡುಗನ ಪಕ್ಕ ಒಬ್ಬೊಬ್ಬರೇ ನಿಂತು, ಹಲ್ಲು ಬಿಟ್ಟು ಫೋಟೋ ಹೊಡೆಸಿಕೊಳ್ಳುತ್ತಿದ್ದರು.

ಗೋರಿಯ ಹಿಂದಿನ ಗೋಡೆಯಲ್ಲಿ ಯುದ್ಧ ನಡೆದ ಊರುಗಳ ಹೆಸರು ಕೆತ್ತಿದ್ದಾರೆ. ಅದರಲ್ಲಿ ಸೈಪ್ರಸ್ ಕೂಡ ಇದೆ. ಸ್ತಮಾತಾಳ ಅಣ್ಣ ಲಾಂಬ್ರೋಸ್ ಎಪ್ಪತ್ತನಾಲ್ಕರಲ್ಲಿ ಆ ದ್ವೀಪದ ಯುದ್ಧಕ್ಕೆ ಸೈನಿಕನಾಗಿ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. "ಎಲುಬು ನೋಡದೆ ನನ್ನ ಮಗನ ಹೆಸರಲ್ಲಿ ಗೋಧಿ ಬೇಯಿಸಿದರೆ ಜೋಕೆ," ಎಂದು ತಾಯಿ ಕಟ್ಟಪ್ಪಣೆ ಮಾಡಿಬಿಟ್ಟಿದ್ದಳು. ಸತ್ತವರ ಹೆಸರಲ್ಲಿ ಸಕ್ಕರೆ, ಬಾದಾಮಿ, ದಾಳಿಂಬೆ ಬೆರೆಸಿ ಹಂಚುವ ಆ ಗೋಧಿ ತಾಯಿ ಸಾಯುವ ತನಕ, ಸತ್ತ ಮೇಲೂ, ಅವರ ಮನೆಯಲ್ಲಿ ಲಾಂಬ್ರೋಸನಿಗಾಗಿ ಬೇಯಲಿಲ್ಲ. ಎಲ್ಲೋ ಒಂದು ಕಡೆ ಅಳಬೇಕಲ್ಲ ಎಂದು ಸ್ತಮಾತಾ ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದಳು.

ಹೋದ ತಿಂಗಳು ಫೋನು ಬಂತು. ಎಂದೋ ಕೊಟ್ಟಿದ್ದ ಅವಳ ರಕ್ತಕ್ಕೂ ಅಲ್ಲಿ ನೆಲ ಅಗೆದಾಗ ಸಿಕ್ಕ ಎಲುಬಿಗೂ ತಾಳೆಯಾಗಿತ್ತು.

ತಟ್ಟೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಅವಳು ರಸ್ತೆ ದಾಟಿದಳು. ಎದುರಿನ ಚೌಕದ ಮೆಟ್ಟಿಲ ತಲೆಯಲ್ಲಿ ಅರ್ಗಿರೋಳ ಗಾಡಿ. ಎಳ್ಳು ಮೆತ್ತಿದ, ಬಳೆಯಂಥ ಕುಲೂರಿ ಬ್ರೆಡ್ಡು ಮಾರುತ್ತಾ ಅವಳು ಅಲ್ಲೇ ಮುದುಕಿಯಾದವಳು. ಪ್ರತಿ ವರ್ಷ ಸ್ತಮಾತಾ ಆ ಗಾಡಿಯತ್ತ ಕತ್ತು ತಿರುಗಿಸದೆ ಹಾದುಹೋಗುತ್ತಿದ್ದಳು. ಇಂದು ನೇರ ಅದರ ಮುಂದೆ ಹೋಗಿ ನಿಂತಳು.

"ಒಂದಾ, ಎರಡಾ?" ಎಂದಳು ಅರ್ಗಿರೋ ತಲೆ ಎತ್ತದೆ. ಎತ್ತಿದ ಮೇಲೆ ಅವಳ ಮುಖ ಗಟ್ಟಿಯಾಯಿತು. "ಓಹೋ. ದಾರಿ ತಪ್ಪಿ ಬಂದ್ಯಾ? ನೀನು ವರ್ಷಾ ವರ್ಷಾ ಹೋಗೋ ಫುಟ್‌ಪಾತು ಆ ಕಡೇದು."

"ಲಾಂಬ್ರೋಸ್ ಸಿಕ್ದ."

ಅರ್ಗಿರೋಳ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. ಬೆನ್ನಿಗೆ ಚೀಲ ಹಾಕಿದ ಉದ್ದನೆಯ ಪರದೇಶಿಯೊಬ್ಬ ಎರಡು ಬೆರಳು ತೋರಿಸಿದ. ಅವನ ಮುಖ ನೋಡದೆಯೇ ಎರಡು ಕುಲೂರಿ ಕಾಗದಕ್ಕೆ ಸುತ್ತಿ ಕೊಟ್ಟಳು.

"ಎಷ್ಟು ಸಿಕ್ದ?" ಎಂದಳು ಆಮೇಲೆ.

ಎಲ್ಲಿ ಎನ್ನಲಿಲ್ಲ, ಹೇಗೆ ಎನ್ನಲಿಲ್ಲ. ಸ್ತಮಾತಾ ತಟ್ಟೆಯನ್ನು ಗಾಡಿಯ ಅಂಚಿಗೆ ಇಟ್ಟಳು. "ತೊಡೆ ಎಲುಬು. ಪಕ್ಕೆಲುಬು ಒಂದಷ್ಟು. ಕೆಳಗಿನ ದವಡೆ."

"ಹಲ್ಲು?"

"ಮುಂದಿನದು ಮುರ್ದಿದೆ ಅಂದ್ರು."

"ಹಾಳಾದೋನು," ಎಂದಳು ಅರ್ಗಿರೋ. "ನಿಶ್ಚಿತಾರ್ಥದ ದಿನ, ಬೇಡ ಬೇಡ ಅಂದ್ರೂ ಹಲ್ಲಲ್ಲೇ ಬೀರ್ ಬಾಟ್ಲಿ ತೆಗೆದ. ಮದುವೆ ಫೋಟೋದಲ್ಲಿ ಬಾಯಿ ಮುಚ್ಕೊಂಡು ನಿಲ್ಬೇಕು ನೀನು ಅಂದಿದ್ದೆ."

ಆ ಮದುವೆ ಆಗಲಿಲ್ಲ. ಎರಡು ವರ್ಷ ಕಾದು, ಅರ್ಗಿರೋ ತಾನೇ ಗೋಧಿ ಬೇಯಿಸಿಕೊಂಡು ಇವರ ಮನೆ ಬಾಗಿಲಿಗೆ ಬಂದಿದ್ದಳು. ತನಗೆ ಕ್ಷೌರದಂಗಡಿಯ ಮಾಂಥೋಸನ ಜೊತೆ ಮದುವೆ ಮಾತಾಗಿದೆ, ಗೋಧಿ ಹಂಚಿ ಲಾಂಬ್ರೋಸನನ್ನು ಸತ್ತವನೆಂದು ಕಳಿಸಿಕೊಡೋಣ ಎಂದಿದ್ದಳು. ತಾಯಿ ಆ ತಟ್ಟೆಯನ್ನು ಮೆಟ್ಟಿಲ ಮೇಲೆ ಎಸೆದಳು. "ಬದುಕಿರೋ ನನ್ನ ಮಗನ್ನ ಹೂತು ಗಂಡನ್ನ ಮಾಡ್ಕೋತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಶಾಪ ಹಾಕಿದಳು. ಬಾಗಿಲ ಅಗುಳಿ ಹಾಕಿದವಳು ಸ್ತಮಾತಾ.

ಅವಳು ಈಗ ತಟ್ಟೆಯ ಬಟ್ಟೆ ತೆಗೆದಳು. ಸಕ್ಕರೆ ಬೆವೆತು ಬಾದಾಮಿಯ ಶಿಲುಬೆ ವಾರೆಯಾಗಿತ್ತು.

"ಇವತ್ತು ಸತ್ತವರ ಶನಿವಾರ. ನೀನು ತಿನ್ಬೇಕು, ಅತ್ತಿಗೆ."

"ಅತ್ತಿಗೆ ಗಿತ್ತಿಗೆ ಅನ್ಬೇಡ. ಚರ್ಚಲ್ಲಿ ಹಂಚೋಕೆ ಜನ ಇರ್ಲಿಲ್ವಾ?"

"ದೊಡ್ಡ ತಟ್ಟೇದೆಲ್ಲ ಹಂಚ್ದೆ. ಎಲ್ರೂ ತಿಂದ್ರು. ತಿಂದೋರು ಹೇಳೋ ಹಾಗೆ, ದೇವರು ಅವನನ್ನ ಕ್ಷಮಿಸಲಿ ಅಂದ್ರು. ಅವನು ಅಂದ್ರೆ ಯಾರು ಅಂತ ಒಬ್ರಿಗೂ ಗೊತ್ತಿಲ್ಲ." ಸ್ತಮಾತಾ ಚಮಚವನ್ನು ಅವಳತ್ತ ಚಾಚಿದಳು. "ಅವನ ಮುಖ ಕಂಡೋರು ಭೂಮಿ ಮೇಲೆ ನಾವಿಬ್ರೇ ಉಳಿದಿರೋದು. ಗುರುವಾರ ಮಣ್ಣು ಮಾಡ್ತೀವಿ. ಗೊತ್ತಿರೋರು ಒಬ್ರೂ ಹೇಳ್ದೆ ಅವನನ್ನ ಹೇಗೆ ಇಳಿಸ್ಲಿ?"

ಅರ್ಗಿರೋ ಚಮಚ ಮುಟ್ಟಲಿಲ್ಲ. "ನಿಮ್ಮಮ್ಮ ಅವತ್ತು ನಂಗೆ ಏನಂದ್ಲು, ನೆನಪಿದ್ಯಾ?"

"ಇದೆ."

"ಹೇಳು."

"ನಿನ್ನ ಮನೆ ಸತ್ತವರ ಗೋಧೀನ ಯಾರೂ ಮುಟ್ಟದಿರಲಿ ಅಂದ್ಲು."

"ಅಂದೋಳು ಅವಳು. ಮಾಡ್ದೋಳು ನೀನು."

ಮೂರು ವರ್ಷದ ಹಿಂದೆ ಮಾಂಥೋಸ್ ತೀರಿಕೊಂಡಾಗ, ನಲವತ್ತನೇ ದಿನ ಅರ್ಗಿರೋ ಚರ್ಚಿನ ಬಾಗಿಲಲ್ಲಿ ನಿಂತು ಗೋಧಿಯ ಪೊಟ್ಟಣ ಹಂಚುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಸ್ತಮಾತಾಳಿಗೂ ಕೈ ಚಾಚಿದ್ದಳು. ಹಗೆಯವರೂ ಬೇಡವೆನ್ನದ ಪೊಟ್ಟಣ ಅದು. ಇವಳು ಕಂಡೂ ಕಾಣದಂತೆ ರಸ್ತೆಯ ಆ ಬದಿಗೆ ದಾಟಿದ್ದಳು. ಸತ್ತವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಮಾಡಿದ್ದಳು.

"ಒಂದು ಮಾತು ಕೇಳು," ಎಂದಳು ಅರ್ಗಿರೋ. ಸಿಟ್ಟು ಇಳಿದು ದನಿ ಸೋತಿತ್ತು. "ಲಾಂಬ್ರೋಸ್ ಬಂದ್ರೆ ನಿನ್ನ ಅವನಿಗೆ ಬಿಟ್ಟು ನಾನು ಎದ್ದು ಹೋಗ್ತೀನಿ ಅಂತ ಮಾಂಥೋಸ್ ಮದುವೆ ದಿನಾನೇ ಹೇಳಿದ್ದ. ತಮಾಷೆ ಅನ್ಕೊಂಡೆ. ಆದರೆ ಯಾರು ಬಾಗಿಲು ಬಡಿದ್ರೂ ಅವನೇ ಹೋಗಿ ತೆಗೀತಿದ್ದ, ನನ್ನ ಬಿಡ್ತಿರಲಿಲ್ಲ. ಜ್ವರ ಇದ್ರೂ ಏಳ್ತಿದ್ದ. ಮೊಮ್ಮಕ್ಕಳು ಹುಟ್ಟಿದ ಮೇಲೂ ಅಷ್ಟೆ. ನಿಮ್ಮನೇಲಿ ನೀವು ಕಾದ್ರಿ ಅಂತ ದೊಡ್ಡದಾಗಿ ಹೇಳ್ತೀಯ. ನಮ್ಮನೇಲಿ ಅವನೂ ಕಾದ."

ಅರ್ಗಿರೋ ತಟ್ಟೆಯನ್ನು ಸ್ತಮಾತಾಳತ್ತ ತಳ್ಳಿದಳು.

"ಮೊದಲು ಮಾಂಥೋಸನಿಗೆ ಆ ಮಾತು ಹೇಳು. ಹೆಸರು ಹಿಡಿದು ಹೇಳು. ಆಮೇಲೆ ನಿನ್ನಣ್ಣನ ಗೋಧಿ ತಿಂತೀನಿ. ಇಲ್ದಿದ್ರೆ ತಟ್ಟೆ ಮುಚ್ಕೊಂಡು ಹೊರಡು."

ರಸ್ತೆಯಾಚೆ ಮೊಳೆ ಹೊಡೆದ ಬೂಟುಗಳು ಅಮೃತಶಿಲೆಯ ಮೇಲೆ ಬಡಿಯತೊಡಗಿದವು. ಕಾವಲು ಬದಲಾಗುವ ಹೊತ್ತು. ಚೌಕದಲ್ಲಿದ್ದವರೆಲ್ಲ ಫೋನು ಎತ್ತಿ ಹಿಡಿದು ಅತ್ತ ಓಡಿದರು. ಇಷ್ಟು ವರ್ಷ ಸ್ತಮಾತಾಳ ಬಾಯಲ್ಲಿ ಅವನು ಬರೀ 'ಆ ಕ್ಷೌರದವನು'. ಅಣ್ಣನಿಗಾಗಿ ಬೇಯಿಸಿ ಎತ್ತಿಟ್ಟ ಈ ತಟ್ಟೆಯ ಮೊದಲ ತುತ್ತು ಅವನ ಹೆಸರಿಗೆ ಹೋಗಬೇಕೇ? ತಾಯಿ ಇದ್ದಿದ್ದರೆ ಏನೆನ್ನುತ್ತಿದ್ದಳು? ಆದರೆ ಬಾಗಿಲು ಬಡಿದಾಗಲೆಲ್ಲ ಎದ್ದು ಹೋಗುತ್ತಿದ್ದ, ಕತ್ತರಿ ಹಿಡಿದು ಬೆರಳು ಸೊಟ್ಟಗಾಗಿದ್ದ ಆ ಬಡಕಲು ಮನುಷ್ಯನನ್ನು ನೆನೆದು ಅವಳಿಗೆ ಎಂದೂ ಆಗದಷ್ಟು ನಾಚಿಕೆಯಾಯಿತು. ಚಮಚದ ತುಂಬ ಗೋಧಿ ತೆಗೆದು ಬಾಯಿಗೆ ಹಾಕಿಕೊಂಡಳು.

"ದೇವರು ಮಾಂಥೋಸನ್ನ ಕ್ಷಮಿಸಲಿ."

"ಕೇಳಿಸ್ಲಿಲ್ಲ," ಎಂದಳು ಅರ್ಗಿರೋ. ಕೇಳಿಸಿತ್ತು.

"ದೇವರು ಮಾಂಥೋಸನ್ನ ಕ್ಷಮಿಸಲಿ!" ಸ್ತಮಾತಾ ಕೂಗಿಯೇಬಿಟ್ಟಳು. ಓಡುತ್ತಿದ್ದ ಇಬ್ಬರು ಮೂವರು ತಿರುಗಿ ನೋಡಿದರು. "ನನ್ನನ್ನೂ ಕ್ಷಮಿಸಲಿ."

"ನಿನ್ನ ವಿಷಯ ಆಮೇಲೆ ನೋಡೋಣ," ಎಂದು ಅರ್ಗಿರೋ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಕುಲೂರಿಗಳ ಮೇಲೆ ಬಿಳಿ ಬಟ್ಟೆ ಎಳೆದು ನಾಲ್ಕೂ ಕಡೆ ಸಿಕ್ಕಿಸಿ, ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಉಸ್ಸೆಂದು ಕೂತಳು. ಪಕ್ಕದಲ್ಲಿ ಜಾಗ ಮಾಡಿದಳು. ಸ್ತಮಾತಾ ಕೂತ ಮೇಲೆ ತಟ್ಟೆಯನ್ನು ಇಬ್ಬರ ಮಂಡಿಗಳ ಮೇಲೂ ಇಟ್ಟುಕೊಂಡರು.

ಅರ್ಗಿರೋ ಒಂದು ಚಮಚ ತಿಂದಳು. ಬಹಳ ಹೊತ್ತು ಅಗಿದಳು. ಕಣ್ಣಿಂದ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

"ಲಾಂಬ್ರೋಸ್," ಎಂದಳು. "ಇಪ್ಪತ್ತೆರಡು ವರ್ಷದ ಹುಡುಗ ಕಣೇ. ನಮ್ಮ ಮೊಮ್ಮಗನ ವಯಸ್ಸು. ಅವನಲ್ಲಿ ಕ್ಷಮಿಸೋಕೆ ದೇವರಿಗೆ ಏನು ಸಿಗುತ್ತೆ?"

"ಆದ್ರೂ ಹೇಳು."

"ಹೇಳ್ತೀನಿ ಇರು. ನುಂಗೋಕಾದ್ರೂ ಬಿಡು." ನುಂಗಿ, ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. "ದೇವರು ಲಾಂಬ್ರೋಸನ್ನ ಕ್ಷಮಿಸಲಿ."

ಕಾವಲು ಬದಲಾಗಿ ಜನ ಹಸಿದುಕೊಂಡು ಚೌಕಕ್ಕೆ ಮರಳತೊಡಗಿದರು. ದಿನದ ವ್ಯಾಪಾರವೆಲ್ಲ ಆಗುವ ಹೊತ್ತು ಅದು. ಬಟ್ಟೆ ಮುಚ್ಚಿದ ಗಾಡಿಯ ಮುಂದೆ ನಾಲ್ಕೈದು ಮಂದಿ ಸಾಲು ನಿಂತು, ಗಾಡಿಯವಳೆಲ್ಲಿ ಎಂದು ಆಚೀಚೆ ನೋಡಿದರು. ಹಿಂದಿನ ಮೆಟ್ಟಿಲ ಮೇಲೆ ಇಬ್ಬರು ಮುದುಕಿಯರು ಒಂದೇ ಚಮಚದಲ್ಲಿ ಸರದಿಯಂತೆ ತಿನ್ನುತ್ತಾ ಕೂತಿದ್ದರು.