ಎರಡನೆಯ ಸೈಲೆನ್ಸರ್

ಔಷಧಿ ಕಾರ್ಖಾನೆಯಲ್ಲಿ ಅವಳ ಕೆಲಸ ಖಾಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವುದು. ಕೂದಲೆಳೆಯಷ್ಟು ಬಿರುಕು ಕಂಡರೂ ಬಾಟಲಿ ಕೆಂಪು ಬುಟ್ಟಿಗೆ ಹೋಗಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದರಿಂದ ಜೊತೆಯವರು ಅವಳಿಗೆ ಟಾರ್ಚಮ್ಮ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ, ನಿಜ. ಆದರೆ ಸಂಜೆ ಮನೆಗೆ ಹೊರಡುವಾಗ ಕಣ್ಣುಗಳನ್ನು ಕಳಚಿ ಲಾಕರಿನಲ್ಲಿಟ್ಟು ಬರಲು ಆಗುತ್ತದೆಯೇ?

ಒಂದು ಭಾನುವಾರ ಬೆಳಿಗ್ಗೆ ಅವಳ ಗಂಡ ಕಾಫಿ ಲೋಟ ಕೆಳಗಿಟ್ಟು, ಕಾರಿಗೆ ಇನ್ನೊಂದು ಸೈಲೆನ್ಸರ್ ಕೂರಿಸುತ್ತೇನೆ ಎಂದ. ಈಗಿರುವುದು ಕೆಟ್ಟಿದೆಯೇ ಎಂದು ಕೇಳಿದಳು. ಕೆಟ್ಟಿಲ್ಲ, ಹಿಂದೆ ಎರಡೂ ಕಡೆ ಒಂದೊಂದು ಕೊಳವೆ ಇರುವ ಹಾಗೆ ಮಾಡುತ್ತೇನೆ, ಸದ್ದು ಗಡುಸಾಗಿ ಕಾರಿಗೆ ಸ್ವಲ್ಪ ಗಂಟಲು ಬರುತ್ತದೆ ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ವಯಸ್ಸು ಐವತ್ಮೂರು. ಇಪ್ಪತ್ತೆಂಟು ವರ್ಷದಿಂದ ಊರಿನ ಬಸ್ಸು ಓಡಿಸುವವನು. ಹಾರ್ನ್ ಹೊಡೆಯುವುದೇ ಅಸಭ್ಯತೆ ಎನ್ನುತ್ತಿದ್ದವನು. ಅವರ ಬೂದು ಬಣ್ಣದ ಹಳೆಯ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನು. ಅಂಥವನಿಗೆ ಇದ್ದಕ್ಕಿದ್ದಂತೆ ಗಂಟಲು ಏಕೆ ಬೇಕಾಯಿತು?

ವಿಷಯ ಮಹಡಿಯ ಮೇಲೆ ವಾಸವಿದ್ದ ಅವಳ ಅಕ್ಕನಿಗೂ ಮುಟ್ಟಿತು. ಅಕ್ಕನ ಗಂಡ ಹತ್ತು ವರ್ಷದ ಹಿಂದೆ ಬೇಕರಿಗೆ ಹೋಗಿಬರುತ್ತೇನೆಂದು ಹೊರಟವನು ಬೇಕರಿಯವಳ ಮನೆಯಲ್ಲೇ ಉಳಿದುಬಿಟ್ಟಿದ್ದ. ಅಂದಿನಿಂದ ಅವಳ ಪಾಲಿಗೆ ಗಂಡಸು ಎನ್ನುವ ಜಾತಿಯೇ ಕೆಂಪು ಬುಟ್ಟಿಯ ಸರಕು.

"ಐವತ್ತು ದಾಟಿದ ಗಂಡಸು ಕಾರಿಗೆ ಸಿಂಗಾರ ಮಾಡ್ತಿದ್ದಾನೆ ಅಂದ್ರೆ, ಆ ಕಾರನ್ನ ನೋಡೋರು ಯಾರೋ ಇದ್ದಾರೆ ಅಂತ ಅರ್ಥ," ಎಂದಳು ಅಕ್ಕ.

ಹಾವು ಕಚ್ಚಿದವಳಿಗೆ ಹಗ್ಗ ಕಂಡರೂ ಹೆದರಿಕೆ ಎಂದುಕೊಂಡು ಅವಳು ನಕ್ಕಳು. ಆದರೆ ಮಾತು ಮನಸ್ಸಿನ ಮೂಲೆಯಲ್ಲಿ ಕೂತೇಬಿಟ್ಟಿತು. ಕೂತ ಮೇಲೆ, ಅದಕ್ಕೆ ಸರಿಹೊಂದುವ ಸಂಗತಿಗಳು ತಾವಾಗಿಯೇ ಒಂದೊಂದಾಗಿ ಬಂದು ಪಕ್ಕದಲ್ಲಿ ಕೂರತೊಡಗಿದವು.

ಕೆಲವು ತಿಂಗಳಿಂದ ಅವನು ಅವಳ ಜೊತೆ ಮಾತಾಡುವಾಗ ಅವಳ ಮುಖವನ್ನೇ ನೋಡುತ್ತಿದ್ದ, ಅದರಲ್ಲೂ ತುಟಿಗಳನ್ನು. ಮದುವೆಯಾದ ಹೊಸತರಲ್ಲೂ ಹಾಗೆ ನೋಡಿದವನಲ್ಲ. ಮೊದಲು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಈಗ ಅದೂ ಕಳ್ಳನ ಅತಿವಿನಯದ ಹಾಗೆ ಕಾಣಿಸಿತು. ಮಲಗುವ ಮಗ್ಗುಲನ್ನು ಬದಲಿಸಿದ್ದ. ಫೋನ್ ಬಂದರೆ ನೀರಿನ ತೊಟ್ಟಿಯ ಆಚೆಗೆ ಹೋಗಿ ಮಾತಾಡುತ್ತಿದ್ದ. ಒಂದು ದಿನ ಅವಳು ಪಾತ್ರೆ ತೊಳೆದು ಸುಸ್ತಾಗಿ ಬಂದು, ಬೆನ್ನು, ಬೆನ್ನು ಎಂದು ನರಳಿದರೆ, ಅವನು ಎದ್ದು ಹೋಗಿ ಡ್ರಾಯರಿನಿಂದ ಒಂದು ಪೆನ್ನು ತಂದುಕೊಟ್ಟಿದ್ದ. ಮನಸ್ಸು ಎಲ್ಲಿಟ್ಟಿದ್ದೀರಿ ಎಂದು ಅಂದು ಬೈದು ಸುಮ್ಮನಾಗಿದ್ದಳು. ಅದೇ ಪ್ರಶ್ನೆಯನ್ನು ಈಗ ನಿಜವಾಗಿಯೂ ಕೇಳಬೇಕು ಅನ್ನಿಸಿತು.

ಶನಿವಾರ ಸಂಜೆಗಳದ್ದು ಇನ್ನೊಂದು ಕತೆ. ಪೈಪು, ಅದರ ತಿರುವಿಗೆ ಬೇಕಾದ ಬೆಂಡು ಹುಡುಕಲು ಗುಜರಿಗೆ ಹೋಗುತ್ತೇನೆ ಎಂದು ನಾಲ್ಕಕ್ಕೆ ಹೊರಡುತ್ತಿದ್ದ. ಆರೂವರೆಗೆ ಬಂದಾಗ ಅವನ ಉಗುರುಗಳು ಹೋಗುವಾಗ ಇದ್ದಷ್ಟೇ ಶುಭ್ರವಾಗಿರುತ್ತಿದ್ದವು. ಗುಜರಿ ಹೊಕ್ಕು ಬಂದವನ ಕೈಗೆ ತುಕ್ಕು ಹತ್ತುವುದಿಲ್ಲವೇ? ಅಂಗಿ ಒಗೆಯುವ ಮೊದಲು ಜೇಬು ತಡಕಿದರೆ ಒಂದು ಚೀಟಿ ಸಿಕ್ಕಿತು. ದುಂಡಗಿನ, ಹೆಣ್ಣಿನ ಅಕ್ಷರ. "ಶನಿವಾರ ತಪ್ಪಿಸಬೇಡಿ. ದಿನಾ ಕನ್ನಡಿ ಮುಂದೆ ಅಭ್ಯಾಸ ಮಾಡಿ." ಹೆಸರಿಲ್ಲ. ಮರುದಿನ ಬಚ್ಚಲಿನ ಬಾಗಿಲ ಸಂದಿಯಿಂದ ಇಣುಕಿ ನೋಡಿದರೆ ಗಂಡ ಕನ್ನಡಿಯ ಮುಂದೆ ನಿಂತು, ಸದ್ದೇ ಇಲ್ಲದೆ, ಏನನ್ನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ.

"ಬಾಯಿಪಾಠ ಮಾಡ್ತಿದ್ದಾನೆ," ಎಂದಳು ಅಕ್ಕ. "ನಮ್ಮವನೂ ಹೊರಡೋ ಮುಂಚೆ ಕನ್ನಡಿ ಬಿಟ್ಟು ಕದಲ್ತಿರ್ಲಿಲ್ಲ."

ಅವಳು ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಬೇಗ ಹೊರಟು ಗುಜರಿಗೇ ಹೋದಳು. ಗುಜರಿಯವನು ಬಾಗಿಲು ಕಳಚಿದ ವ್ಯಾನಿನೊಳಗೆ ಕೂತು ಊಟ ಮಾಡುತ್ತಿದ್ದ. ಬಸ್ ಡ್ರೈವರ್ ತಾನೆ, ಒಂದೇ ಸಲ ಬಂದಿದ್ದರು, ಸೈಲೆನ್ಸರ್, ಬೆಂಡು, ಪೈಪು ನೇತುಹಾಕುವ ರಬ್ಬರ್ ಪಟ್ಟಿಗಳು ಎಲ್ಲ ಒಟ್ಟಿಗೇ ತೊಗೊಂಡು ಹೋದರು, ಎರಡು ತಿಂಗಳೇ ಆಯಿತು ಎಂದ. ಆಮೇಲೆ ಬರಲಿಲ್ಲವೇ ಎಂದರೆ, ಇಲ್ಲಮ್ಮ, ಬಂದಿದ್ದರೆ ಚೌಕಾಸಿಯಲ್ಲೇ ಗೊತ್ತಾಗುತ್ತಿತ್ತು ಎಂದು ನಕ್ಕ.

ಆದರೂ ಮನೆಗೆ ಬಂದು ತುಟಿ ಬಿಚ್ಚಲಿಲ್ಲ. ಬಾಟಲಿಯನ್ನು ಮೂರು ಸಲ ತಿರುಗಿಸಿ ನೋಡದೆ ತಪ್ಪು ಹಾಕಬಾರದು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ಗಂಡ ಮನೆಯ ಪಕ್ಕದ ಸಿಮೆಂಟು ಜಾಗದಲ್ಲಿ ಕೆಲಸ ಶುರುಮಾಡಿದಾಗ ಸ್ಪ್ಯಾನರ್ ಕೊಡುವ ನೆವದಲ್ಲಿ ಹತ್ತಿರವೇ ಕೂತಳು.

ಕೆಲಸದಲ್ಲಿ ಮಾತ್ರ ಅವನ ಮೇಲೆ ಬೆರಳು ತೋರಿಸುವಂತಿರಲಿಲ್ಲ. ಕಾರನ್ನು ಜಾಕಿನಿಂದ ಎತ್ತಿ ನಾಲ್ಕೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ತೂರಿದ. ತುಕ್ಕು ತಿಂದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಒಂದು ದಿನ ಕಾದ. ಹಳೆಯ ಕೊಳವೆಯನ್ನು ನಡುವಿನಲ್ಲಿ ಕೊಯ್ದು, ಅಲ್ಲಿ ಕವೆಯಂಥ ಒಂದು ಜೋಡು ಪೈಪು ಕೂರಿಸಿದ. ಎಡಗಡೆಗೆ ಮೊದಲಿನ ದಾರಿಯೇ ಇತ್ತು. ಬಲಗಡೆಗೆ ಹೊಸ ದಾರಿ ಹುಡುಕಬೇಕು. ಪೆಟ್ರೋಲ್ ಟ್ಯಾಂಕಿಗೆ ಬಿಸಿ ತಾಗಬಾರದು, ಹಿಂದಿನ ಅಚ್ಚಿಗೆ ಬಡಿಯಬಾರದು. ರಟ್ಟು ಕತ್ತರಿಸಿ, ಮಡಿಸಿ, ಆ ಅಳತೆಗೆ ಬೆಂಡುಗಳನ್ನು ಜೋಡಿಸಿದ. ಡಿಪೋದಿಂದ ತಂದ ಯಂತ್ರದಲ್ಲಿ ಬೆಸುಗೆ ಹಾಕುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿದ, ಟ್ಯಾಂಕಿಗೆ ಒದ್ದೆ ಗೋಣಿ ಹೊದಿಸಿದ, ಪಕ್ಕದಲ್ಲಿ ಎರಡು ಬಕೆಟ್ ಮರಳಿಟ್ಟ. ಇಷ್ಟು ಜೋಪಾನ ಯಾರಿಗೋಸ್ಕರ ಎಂದು ಅವಳು ಮಾತ್ರ ಯೋಚಿಸುತ್ತಿದ್ದಳು. ಆ ಬಲಗಡೆಯ ಕೊಳವೆ ಒಂದೊಂದು ಅಂಗುಲ ಹಿಂದಕ್ಕೆ ಬೆಳೆದಂತೆ, ತನ್ನ ಮನೆಯಲ್ಲಿ ಇನ್ನೊಬ್ಬಳಿಗೆ ದಾರಿಯಾಗುತ್ತಿದೆ ಅನ್ನಿಸುತ್ತಿತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡೂ ಕೊಳವೆಗಳು ಬಂಪರಿನ ಕೆಳಗಿಂದ ಇಣುಕಿದವು. ಬೆಸುಗೆ ಸೋರುತ್ತದೆಯೇ ನೋಡಬೇಕಿತ್ತು. ಗಂಡ ಇಂಜಿನ್ ಚಾಲೂ ಮಾಡಿ, ಅವಳ ಕೈಗೆ ಎರಡು ದಪ್ಪ ಬಟ್ಟೆಯ ಉಂಡೆ ಕೊಟ್ಟ.

"ಎರಡೂ ಬಾಯಿಗೆ ಒತ್ತಿ ಹಿಡ್ಕೋ. ಎಲ್ಲಾದ್ರೂ ತೂತಿದ್ರೆ ಅಲ್ಲಿ ಸೀಟಿ ಹೊಡೆಯುತ್ತೆ," ಎಂದು ಕೆಳಗೆ ತೂರಿದ.

ಅವಳು ಕುಕ್ಕರುಗಾಲಲ್ಲಿ ಕೂತು ಒತ್ತಿ ಹಿಡಿದಳು. ಹಿಡಿದ ಕ್ಷಣಕ್ಕೇ ಕೇಳಿಸಿತು: ಕಾರಿನ ನಡುವಿನಿಂದ, ಕವೆ ಪೈಪಿನ ಕಡೆಯಿಂದ, ಹಾವು ಬುಸುಗುಟ್ಟಿದ ಹಾಗೆ ಸುಯ್ ಎನ್ನುವ ಸದ್ದು. ಅವನ ತಲೆ ಅದಕ್ಕೆ ಒಂದು ಗೇಣು ದೂರದಲ್ಲಿತ್ತು.

"ಎಲ್ಲೂ ಇಲ್ಲ. ಕಲ್ಲಿನ ಹಾಗಿದೆ ಬೆಸುಗೆ," ಎಂದ ಅವನು, ಕೆಳಗಿಂದಲೇ.

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ಢಾಳಾದ ಸುಳ್ಳೇ? ಬೇಗ ಮುಗಿಸಿ ಮುಂದಿನ ಶನಿವಾರ ಈ ಕಾರಿನಲ್ಲೇ ಮೆರೆಯುವ ಆತುರ ಅಷ್ಟೊಂದಿದೆಯೇ? ಅವನು ಹೊರಗೆ ಬಂದು ಇಂಜಿನ್ ಆರಿಸಿದ. ಅವಳಿಗೆ ಬೆನ್ನು ಮಾಡಿ ಕೂತು, ಸೀಮೆಎಣ್ಣೆ ಬಟ್ಟೆಯಿಂದ ಕೈ ಒರೆಸಿಕೊಳ್ಳತೊಡಗಿದ. ಬೀದಿಯಲ್ಲಿ ಸದ್ದಿರಲಿಲ್ಲ. ಎರಡು ತಿಂಗಳು ಕಟ್ಟಿಟ್ಟುಕೊಂಡಿದ್ದು ಅವಳ ಬಾಯಿಂದ ಹೊರಬಿತ್ತು.

"ಶನಿವಾರ ಶನಿವಾರ ಯಾರ ಹತ್ರ ಹೋಗ್ತೀರಿ?"

ಅವನು ಕೈ ಒರೆಸುತ್ತಲೇ ಇದ್ದ.

"ಆ ಹೆಂಗಸು ಯಾರು ಅಂತ ಕೇಳಿದೆ."

ಮಹಡಿಯ ಕಿಟಕಿ ತೆರೆದುಕೊಂಡಿತು. ಅಕ್ಕನ ತಲೆ ಹೊರಗೆ ಬಂತು. ಅಷ್ಟು ಮೇಲಿದ್ದ ಅಕ್ಕನಿಗೆ ಕೇಳಿಸಿತ್ತು. ಮೂರಡಿ ದೂರದಲ್ಲಿದ್ದ ಗಂಡ ಮಾತ್ರ ಬೆರಳ ಸಂದಿಯ ಮಸಿಯನ್ನು ನಿಧಾನವಾಗಿ ತೆಗೆಯುತ್ತ, ಏನೂ ಆಗಿಲ್ಲವೆಂಬಂತೆ ಕೂತಿದ್ದ. ನಟನೆಯಾಗಿದ್ದರೆ ಹೆಗಲಾದರೂ ಬಿಗಿಯಾಗಬೇಕಿತ್ತು. ಅದು ಸಡಿಲವಾಗಿಯೇ ಇತ್ತು.

ಪೆನ್ನು, ಕನ್ನಡಿ, ತುಟಿ, ಮಗ್ಗುಲು, ಎಲ್ಲವೂ ಅವಳ ತಲೆಯಲ್ಲಿ ಒಮ್ಮೆಲೇ ಹೊರಳಿಕೊಂಡವು. ಅವಳು ಸುತ್ತು ಹಾಕಿ ಅವನ ಎದುರಿಗೆ ಬಂದು ಕೂತಳು. ಅವನು ತಲೆಯೆತ್ತಿ ಎಂದಿನಂತೆ ಅವಳ ತುಟಿ ನೋಡಿದ. ಅವಳು ದನಿ ಹೊರಡಿಸದೆ, ಬರೀ ತುಟಿ ಅಲುಗಿಸಿ ಕೇಳಿದಳು: ಕೇಳ್ಸಲ್ವಾ?

ಅವನ ಕೈ ನಿಂತಿತು.

"ಬಲಗಿವಿ ಪೂರ್ತಿ ಹೋಗಿದೆ," ಎಂದ. "ಎಡಗಿವಿ ಮುಕ್ಕಾಲು."

ಎರಡು ವರ್ಷದಿಂದ ಹೀಗಿತ್ತಂತೆ. ಶನಿವಾರದವಳು ಕಿವುಡು ಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಟೀಚರ್. ತುಟಿ ನೋಡಿ ಮಾತು ಹಿಡಿಯುವುದನ್ನು ಅವನಿಗೆ ಹೇಳಿಕೊಡುತ್ತಿದ್ದಳು. ಫೋನಿನ ಮಾತು ಜೋರಾಗಿ ಇಟ್ಟುಕೊಂಡರಷ್ಟೇ ಕೇಳಿಸುತ್ತಿತ್ತು. ಅದಕ್ಕೇ ತೊಟ್ಟಿಯ ಆಚೆ. ಎಡಗಿವಿ ಅವಳ ಕಡೆಗಿರಲೆಂದೇ ಮಲಗುವ ಮಗ್ಗುಲು ಬದಲಿಸಿದ್ದು. ಬಸ್ಸಿನ ಇಂಜಿನ್ನಾದರೆ ಪಾದಕ್ಕೇ ತಿಳಿಯುತ್ತದೆ, ಈ ಕಾರು ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗದೆ ಗೇರು ತಪ್ಪುತ್ತಿತ್ತು, ಎರಡು ಸೈಲೆನ್ಸರ್ ಹಾಕಿದರೆ ಕೇಳಿಸಬಹುದು ಅಂದುಕೊಂಡೆ ಎಂದ. ಕಿವಿಗೆ ಯಂತ್ರ ಏಕೆ ಹಾಕಿಸಲಿಲ್ಲ ಎಂದರೆ, ಕಿವಿಯಲ್ಲಿ ಯಂತ್ರ ಕಂಡರೆ ಡಿಪೋದವರು ಬಸ್ಸು ಕಿತ್ತುಕೊಳ್ಳುತ್ತಾರೆ ಎಂದ.

ಎದೆಯ ಮೇಲಿನ ಬಂಡೆ ಇಳಿದಂತಾಯಿತು ಅವಳಿಗೆ. ಆದರೆ ಬಂಡೆ ಇಳಿದ ಜಾಗದಲ್ಲೇ ಇನ್ನೊಂದು ಅನುಮಾನ ಬಂದು ಕೂತಿತು. ಬಸ್ಸಿನಲ್ಲಿ ಏನಾದರೂ ಆಗಿದೆಯೇ ಎಂದು ಕೇಳಿದಳು. ಇಲ್ಲ ಎಂದ, ಅಗತ್ಯಕ್ಕಿಂತ ಬೇಗ. ಅವಳು ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಅವನು ಕಣ್ಣು ತಗ್ಗಿಸಿದ. ನಾಲ್ಕು ತಿಂಗಳ ಹಿಂದೆ ಒಬ್ಬ ಮುದುಕ ಇಳಿಯುವಾಗ ಕೈಚೀಲ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಜನ ಕೂಗಿದ್ದು ಯಾವುದೋ ಜಗಳದ ಗದ್ದಲವೆಂದುಕೊಂಡು ಅವನು ಬಸ್ಸು ಬಿಟ್ಟಿದ್ದ. ಯಾರೋ ಹೆಗಲಿಗೆ ಗುದ್ದಿದ ಮೇಲೆ ಬ್ರೇಕ್ ಹಾಕಿದ್ದ. ಮುದುಕನ ಮೊಣಕಾಲು ತರಚಿತ್ತು. ಮುದುಕ ದೂರು ಕೊಡದೆ, ಡ್ರೈವರಿಗೇ ಸಮಾಧಾನ ಹೇಳಿ ಕುಂಟುತ್ತ ಹೋಗಿದ್ದ.

"ನಾನು ಯಾರಿಗೂ ಹೇಳಲ್ಲ," ಎಂದಳು ಅವಳು, ಒಂದೊಂದೇ ಪದ ಬಿಡಿಸಿ. "ನೀವೇ ಹೇಳಬೇಕು."

"ಹೇಳ್ದಿದ್ರೆ?"

"ನಾಳೆಯಿಂದ ನಾನೂ ಬಸ್ಸಿಗೆ ಬರ್ತೀನಿ."

ಹೆದರಿಸುವ ಮಾತೆಂದು ಅವನು ತಿಳಿದಿದ್ದ. ಸೋಮವಾರ ಅವಳು ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಮೊದಲ ಟ್ರಿಪ್ಪಿಗೇ ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತಳು. ಇಳಿಯುವವರು ಗಂಟೆ ಬಾರಿಸಿದರೂ ಅವನು ನಿಧಾನಿಸದಿದ್ದರೆ ಹೆಗಲು ಮುಟ್ಟುತ್ತಿದ್ದಳು. ಪಕ್ಕದಿಂದ ಆಂಬುಲೆನ್ಸ್ ಬಂದಾಗ ಮುಟ್ಟಿದಳು. ಬಾಗಿಲಲ್ಲಿ ಒಬ್ಬಳು, ನಿಲ್ಸಿ, ಮಗು ಇಳಿದಿಲ್ಲ ಎಂದಾಗ ಮುಟ್ಟಲಿಲ್ಲ, ಹೊಡೆದೇಬಿಟ್ಟಳು. ಸಂಜೆ ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಅವನು ತಿರುಗಿದ.

"ಎಷ್ಟು ಸಲ?"

"ಹನ್ನೊಂದು."

ಅವನು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅಧಿಕಾರಿಯ ಕೋಣೆಗೆ ನಡೆದ. ಅವಳು ಹೊರಗೆ ಸವೆದ ಟೈರಿನ ಮೇಲೆ ಕೂತು ಕಾದಳು. ಒಳಗಿಂದ ಅಧಿಕಾರಿಯ ಬೈಗುಳ ಕೇಳಿಸುತ್ತಿತ್ತು. ಅದರಲ್ಲಿ ಅರ್ಧ ತನ್ನ ಗಂಡನಿಗೆ ಮುಟ್ಟುವುದಿಲ್ಲವಲ್ಲ ಎಂದು, ಅಳುವ ಹೊತ್ತಿನಲ್ಲೂ ಅವಳಿಗೆ ನಗು ಬಂತು.

ಮರುದಿನದಿಂದ ಅವನ ಬಸ್ಸು ಇನ್ನೊಬ್ಬರದಾಯಿತು. ಕಿವಿಯ ಪರೀಕ್ಷೆ ಮುಗಿದ ಮೇಲೆ ಅವನನ್ನು ಡಿಪೋದ ಟೈರು ವಿಭಾಗಕ್ಕೆ ಹಾಕಿದರು. ಒಂದು ವಾರ ಅವನು ಊಟದ ತಟ್ಟೆ ಬಿಟ್ಟರೆ ಬೇರೇನನ್ನೂ ನೋಡಲಿಲ್ಲ. ಅವಳೂ ಒತ್ತಾಯಿಸಲಿಲ್ಲ. ಭಾನುವಾರ ತಾನಾಗಿಯೇ ಇಂಜಿನ್ ಚಾಲೂ ಮಾಡಿ ಕಾರಿನ ಕೆಳಗೆ ತೂರಿ, ಎಲ್ಲಿ ಸೋರುತ್ತಿದೆ ತೋರಿಸು ಎಂದ. ಅವಳು ಪಕ್ಕದಲ್ಲೇ ಅಂಗಾತ ಮಲಗಿ, ಸದ್ದು ಬರುತ್ತಿದ್ದ ಕಡೆ ಸೀಮೆಸುಣ್ಣದಿಂದ ಗೀಟೆಳೆದಳು. ಎರಡು ಕಡೆ ಇತ್ತು. ಅವನು ಎರಡಕ್ಕೂ ಬೆಸುಗೆ ಹಾಕಿದ.

ಅಕ್ಕನಿಗೆ ಎಲ್ಲ ತಿಳಿದ ಮೇಲೂ ಪೂರ್ತಿ ಸಮಾಧಾನವಾಗಲಿಲ್ಲ. ಟೀಚರಿಗೆ ವಯಸ್ಸೆಷ್ಟು ಎಂದು ಕೇಳಿದಳು. ಎಪ್ಪತ್ತೊಂದು ಎಂದರೆ, ನೋಡಿದ್ದೀಯಾ ಎಂದು ಮತ್ತೆ ಕೇಳಿದಳು. ಅವಳು ಒಂದು ಶನಿವಾರ ಗಂಡನ ಜೊತೆ ಹೋಗಿ ನೋಡಿಯೇ ಬಂದಳು. ಊರುಗೋಲು ಹಿಡಿದ, ಜೋರುಬಾಯಿಯ ಹೆಂಗಸು. ನಿಮ್ಮ ಯಜಮಾನರು ತೀರಾ ದಡ್ಡ ವಿದ್ಯಾರ್ಥಿ, ಪ, ಬ, ಮ ಮೂರೂ ಒಂದೇ ಅಂತಾರೆ ಎಂದು ದೂರು ಹೇಳಿದಳು.

ತಿಂಗಳ ಕೊನೆಗೆ ಅವನ ಎಡಗಿವಿಗೆ ಯಂತ್ರ ಬಂತು. ಅದನ್ನು ಹಾಕಿಕೊಂಡು ಮೊದಲ ಸಲ ಕಾರು ಚಾಲೂ ಮಾಡಿದವನು ಬೆಚ್ಚಿಬಿದ್ದು ಇಂಜಿನ್ ಆರಿಸಿಬಿಟ್ಟ. ಇದೇನಿದು ಟ್ರ್ಯಾಕ್ಟರಿನ ಗದ್ದಲ, ಬೀದಿಯವರು ಇಷ್ಟು ದಿನ ಹೇಗೆ ತಡೆದುಕೊಂಡರು ಎಂದು ಕೇಳಿದ. ಆಮೇಲೆ ಬಲಗಡೆಯ ಕೊಳವೆಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ಇದನ್ನು ಬಿಚ್ಚಿಬಿಡಲೇ ಎಂದ.

"ಬೇಡ, ಇರ್ಲಿ," ಎಂದಳು ಅವಳು. "ನೀವು ಎಲ್ಲಿಗೆ ಹೋಗ್ತೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಇಡೀ ಬೀದಿಗೆ ಗೊತ್ತಾಗ್ಲಿ."

ಮಹಡಿಯ ಕಿಟಕಿಯಿಂದ ಅಕ್ಕ, ಅದು ಸರಿ ಎಂದಳು. ಈ ಸಲ ಅವನಿಗೂ ಕೇಳಿಸಿತು.